39 ಶಿಲಿಂಗ್ ತಪ್ಪಲ್ಲ

ಹಳೆಯ ಕೋರ್ಟ್ ದಾಖಲೆಗಳನ್ನು ಟೈಪ್ ಮಾಡಿ ಟ್ಯಾಗ್ ಹಾಕುವ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಈಚೆಗೆ ನಮ್ಮ ಕೈಗೆ ಬಂದದ್ದು 18ನೇ ಶತಮಾನದ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣೆಗಳು. ಕದ್ದ ಮಾಲಿನ ಬೆಲೆ ಆರೋಪದಲ್ಲಿ ಒಮ್ಮೆ ಬರುತ್ತದೆ, ತೀರ್ಪಿನಲ್ಲಿ ಇನ್ನೊಮ್ಮೆ. ಎರಡೂ ಹೊಂದದಿದ್ದರೆ ನಮ್ಮ ಸಾಫ್ಟ್‌ವೇರ್ ಆ ಸಾಲನ್ನು ಕೆಂಪು ಮಾಡುತ್ತದೆ. ಈ ಬ್ಯಾಚಿನಲ್ಲಿ ಕೆಂಪು ಸಾಲುಗಳು ಸಿಕ್ಕಾಪಟ್ಟೆ.

"ಆಗಿನ ಗುಮಾಸ್ತರಿಗೆ ಲೆಕ್ಕ ಬರ್ತಿರಲಿಲ್ವಾ?" ಎಂದು ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆರೋಪದಲ್ಲಿ 3 ಪೌಂಡ್, ಅಂದರೆ 60 ಶಿಲಿಂಗ್ ಇದ್ದರೆ ತೀರ್ಪಿನಲ್ಲಿ 39. ಬೇರೆ ಕೇಸಿನಲ್ಲೂ 39. ಆದರೆ ಕೈತಪ್ಪಿನಿಂದ ಆದ ಅಂಕಿಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಎಲ್ಲವೂ ಒಂದೇ ಕಡೆ ಬಂದು ನಿಂತಿದ್ದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ ಎಂದರ್ಥ, ಅಲ್ವಾ?

ನಿಲ್ಲಿಸಿದ್ದು ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಪು ಹೇಳಲು ಕೂತ, 12 ಜನ. 1713ರ ಕಾನೂನಿನ ಪ್ರಕಾರ ಮನೆಯೊಳಗಿಂದ 40 ಶಿಲಿಂಗ್ ಅಥವಾ ಹೆಚ್ಚಿನ ಮಾಲು ಕದ್ದರೆ ಗಲ್ಲು. 1699ರ ಕಾನೂನು ಅಂಗಡಿಯಿಂದ ಕಣ್ತಪ್ಪಿಸಿ 5 ಶಿಲಿಂಗ್ ಬೆಲೆಯದನ್ನು ಎತ್ತಿದವರಿಗೂ ಅದನ್ನೇ ಇಟ್ಟಿತ್ತು. ಶತಮಾನದ ಕೊನೆಗೆ ಗಲ್ಲಿಗೆ ಹಾಕಬಹುದಾದ ಅಪರಾಧಗಳು 200 ದಾಟಿದ್ದವು. ತುಂಡು ಬಟ್ಟೆಗೆ ಜೀವ ತೆಗೆಯಲು ಮನಸ್ಸೊಪ್ಪದಿದ್ದಾಗ ಜ್ಯೂರಿಯವರು ಮಾಲಿನ ಬೆಲೆಯನ್ನೇ ಇಳಿಸಿದರು. ಮನೆ ಕಳವಿಗೆ 39 ಶಿಲಿಂಗ್, ಅಂಗಡಿ ಕಳವಿಗೆ 4 ಶಿಲಿಂಗ್ 10 ಪೆನ್ಸ್ (12 ಪೆನ್ಸ್ ಸೇರಿದರೆ 1 ಶಿಲಿಂಗ್). 10 ಪೆನ್ಸ್ ಎಂದುಬಿಟ್ಟರೆ ಅದು ಬರೀ ಚಿಲ್ಲರೆ ಕಳವು. ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಇದನ್ನು ಒಂದು ಬಗೆಯ ಪುಣ್ಯದ ಸುಳ್ಳು ಎಂದಿದ್ದ. ನಗದು ಹಣ ಕದ್ದಾಗಲೂ ಇದೇ ಆಟ ನಡೆದದ್ದುಂಟು. ಎಣಿಸಿದ ನಾಣ್ಯಕ್ಕೇ ಬೆಲೆ ಇಳಿಸುವ ಧೈರ್ಯ ನೋಡಿ!

ಹಾಗಂತ ಕಳ್ಳ ಮನೆಗೆ ಹೋಗುತ್ತಿದ್ದ ಎಂದಲ್ಲ. 1718ರ ನಂತರ ಸಾಮಾನ್ಯವಾಗಿ 7 ವರ್ಷ ಗಡೀಪಾರು, 1775ರವರೆಗೂ ಹೆಚ್ಚಾಗಿ ಅಮೆರಿಕದ ಮೇರಿಲ್ಯಾಂಡ್, ವರ್ಜೀನಿಯಾಗಳಿಗೆ. ಈ ಕರುಣೆ ಎಲ್ಲರಿಗೂ ಸಿಗುತ್ತಲೂ ಇರಲಿಲ್ಲ. "ಇವನು ಒಳ್ಳೆಯವನು" ಎಂದು ಸಾಕ್ಷಿ ಹೇಳಲು ನೆರೆಹೊರೆಯವರೋ ಹಳೆಯ ಯಜಮಾನನೋ ಬಂದರೆ ಆಸೆ ಇತ್ತು. ಊರು ಬಿಟ್ಟು ಬಂದ ಒಂಟಿ ಜೀವಕ್ಕೆ ಕಷ್ಟ. ಅದಕ್ಕೇ ಈ ಜ್ಯೂರಿಗಳನ್ನು ಜಾಸ್ತಿ ಹೊಗಳಲು ನನಗೆ ಮನಸ್ಸಿಲ್ಲ.

ಕೆಲಸದಲ್ಲಿ ಬದಲಾದದ್ದು ಇಷ್ಟು. ಆರೋಪದ ಬೆಲೆ, ತೀರ್ಪಿನ ಬೆಲೆ ಎರಡಕ್ಕೂ ಬೇರೆ ಬೇರೆ ಕಾಲಂ ಮಾಡಿದೆವು. ಹೊಂದಿಕೆ ನೋಡುವ ನಿಯಮ ತೆಗೆದುಹಾಕಿದೆವು. ಅದಿದ್ದಿದ್ದರೆ ಯಾರಾದರೂ ಸುಮ್ನೆ 39ನ್ನು 60 ಮಾಡಿ, ಕೆಂಪು ಅಳಿಸಿ, ಊಟಕ್ಕೆ ಹೋಗುತ್ತಿದ್ದರು. ಒಬ್ಬ ಮನುಷ್ಯ ನೇಣಿನಿಂದ ಹೇಗೆ ಉಳಿದ ಎಂಬುದು ದಾಖಲೆಯಿಂದಲೇ ಮಾಯವಾಗುತ್ತಿತ್ತು.

ಈಗ ಹೊಸಬರಿಗೆ ಟೈಪಿಂಗ್ ನಿಯಮಗಳ ಜೊತೆ ಆಯಾ ಕಾಲದ ಕಾನೂನಿನ ಮಿತಿಗಳನ್ನೂ ಬರೆದು ಕೊಡುತ್ತೇವೆ. 1827ರಲ್ಲಿ ಮನೆ ಕಳವಿನ ಮಿತಿ 40 ಶಿಲಿಂಗಿನಿಂದ 5 ಪೌಂಡಿಗೆ, ಅಂದರೆ 100 ಶಿಲಿಂಗಿಗೆ ಏರಿತು. ಆಮೇಲಿನ ತೀರ್ಪುಗಳಲ್ಲಿ 99 ಶಿಲಿಂಗ್ ಕಂಡರೆ ಈಗ ಯಾರೂ ನನ್ನ ಟೇಬಲ್ ಹತ್ತಿರ ಬರುವುದಿಲ್ಲ.