ಎಂಟು ತಿಂಗಳು ನಿಂತಿದ್ದ ಮೋಟಾರ್‌ಹೋಮ್, ಒಂಬತ್ತು ದಿನದ ದಾರಿ

ಎರಡನೆಯ ದಿನ ಮಧ್ಯಾಹ್ನ ನನ್ನ ಮೋಟಾರ್‌ಹೋಮಿನ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿಯ, ಹಿಂಬದಿಯ ಎಡ ಟೈರ್ ಒಡೆಯಿತು. ಹೊರಡುವ ಮುನ್ನ ನಾನೇ ಬಗ್ಗಿ ನೋಡಿದ್ದೆ. ಗೆರೆಗಳು ಆಳವಾಗಿಯೇ ಇದ್ದವು, ಗಾಳಿಯೂ ಸರಿಯಾಗಿತ್ತು. ನೋಡದೇ ಬಿಟ್ಟದ್ದು ಅದರ ವಯಸ್ಸನ್ನು. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ನನ್ನದರಲ್ಲಿ 2314 ಎಂದಿತ್ತು, ಅಂದರೆ 2014ರ 23ನೇ ವಾರ. ಈ ಅಂಕಿಗಳು ಎಷ್ಟೋ ಸಲ ಒಳಬದಿಯಲ್ಲಿರುತ್ತವೆ, ಆದ್ದರಿಂದ ಗಾಡಿಯ ಅಡಿಗೆ ತಲೆ ತೂರಿಸಲು ನಾಚಬೇಡಿ. ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುವ ಇಂಥ ಗಾಡಿಗಳಲ್ಲಿ ಗೆರೆ ಸವೆಯುವ ಮೊದಲೇ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಸ್ಟೆಪ್ನಿಗೂ ಇದೇ ಮಾತು.

ಚಕ್ರ ಬದಲಿಸಿ ಸುಮಾರು 80 ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ ನೋಡಿದೆ. ಎರಡು ಸ್ವಲ್ಪ ಸಡಿಲಾಗಿದ್ದವು. ಅಷ್ಟು ಹೊತ್ತಿಗೆ ನನ್ನ ಅಹಂಕಾರವೂ ಸಡಿಲಾಗಿತ್ತು.

ಅಂದಿನ ರಾತ್ರಿ ಮಳೆ. ಮಂಚದ ಮೇಲೆ, ಸರಿಯಾಗಿ ದಿಂಬಿನ ಜಾಗಕ್ಕೆ ಹನಿ ಬಿತ್ತು. ಬೆಳಿಗ್ಗೆ ಏಣಿ ಹಾಕಿ ಹತ್ತಿ ನೋಡಿದರೆ ಚಾವಣಿಯ ಗಾಳಿಕಿಂಡಿಯ ಸುತ್ತಲಿನ ಸೀಲಂಟ್, ಅಂದರೆ ನೀರು ಒಳಬರದಂತೆ ಸಂದಿಗೆ ಹಾಕುವ ಅಂಟು, ಬಿರುಕು ಬಿಟ್ಟಿತ್ತು. ಇಂಥ ಗಾಡಿಗೆ ಎಂಜಿನ್ ಕೆಡುವುದಕ್ಕಿಂತ ನೀರು ಒಳಗಿಳಿಯುವುದೇ ದೊಡ್ಡ ರೋಗ ಎಂದು ನನಗನ್ನಿಸುತ್ತದೆ. ಎಂಜಿನ್ ಕೆಟ್ಟರೆ ಸದ್ದು ಮಾಡುತ್ತದೆ. ನೀರು ಗೋಡೆಯ ಹಿಂದಿನ ಮರವನ್ನು ಸದ್ದಿಲ್ಲದೆ ಕೊಳೆಸುತ್ತದೆ. ಹೊರಡುವ ವಾರ ಮುಂಚೆಯೇ ಚಾವಣಿಯ ಕೀಲುಗಳು, ಕಿಟಕಿಯ ಅಂಚುಗಳು, ದೀಪಗಳ ಬುಡ ಎಲ್ಲವನ್ನೂ ನೋಡಿ. ಒಳಗಿನ ಗೋಡೆಯನ್ನು ಮೂಲೆಗಳಲ್ಲಿ ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ನೀರು ಒಳಹೊಕ್ಕು ಬಹಳ ದಿನವಾಗಿದೆ ಎಂದರ್ಥ. ಸೀಲಂಟ್ ಕೊಳ್ಳುವಾಗ ನಿಮ್ಮ ಚಾವಣಿಯ ವಸ್ತುವಿಗೆ ಹೊಂದುವುದನ್ನೇ ಕೇಳಿ ತನ್ನಿ.

ನಾಲ್ಕನೆಯ ದಿನ ಫ್ರಿಜ್ ತಣ್ಣಗಾಗಲಿಲ್ಲ. ಕೆಟ್ಟೇಹೋಯಿತು ಎಂದುಕೊಂಡು ಅರ್ಧ ದಿನ ಪೇಚಾಡಿದೆ. ತಪ್ಪು ನೆಲದ್ದಾಗಿತ್ತು. ಗ್ಯಾಸಿನಿಂದಲೂ ನಡೆಯುವ ಹಳೆಯ ಬಗೆಯ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ; ಅಮೋನಿಯಾ ದ್ರಾವಣ ತಾನಾಗಿಯೇ ಕೆಳಕ್ಕೆ ಹರಿಯಬೇಕು. ಗಾಡಿ ಇಳಿಜಾರಿನಲ್ಲಿದ್ದರೆ ಆ ಹರಿವು ನಿಲ್ಲುತ್ತದೆ, ಬಹಳ ಹೊತ್ತು ಹಾಗೇ ಬಿಟ್ಟರೆ ಫ್ರಿಜ್ ಶಾಶ್ವತವಾಗಿ ಹಾಳಾಗಬಹುದು. ಅಂದಿನಿಂದ ಗಾಡಿ ನಿಲ್ಲಿಸಿದ ಕೂಡಲೇ ನೆಲದ ಮೇಲೆ ರಸಮಟ್ಟ ಇಡುತ್ತೇನೆ, ಬೇಕಾದ ಚಕ್ರದಡಿ ಹಲಗೆ ಕೊಡುತ್ತೇನೆ.

ಗ್ಯಾಸ್ ಕೊಳವೆಯ ಕೀಲುಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಕೂರುತ್ತದೆ. ಅದರ ಅಲಾರಂ ಕೆಳಗಡೆಯೇ ಇರಬೇಕು. ಕಾರ್ಬನ್ ಮೊನಾಕ್ಸೈಡಿಗೆ ಬೇರೆ ಅಲಾರಂ ಇರಲಿ.

ಎಂಜಿನ್ನಿಗಲ್ಲದೆ ಗಾಡಿಯೊಳಗಿನ ದೀಪ ಮುಂತಾದವಕ್ಕೆ ಇರುವ ಬ್ಯಾಟರಿ 12 ವೋಲ್ಟಿನ ಸೀಸದ್ದಾದರೆ, ಕೆಲಕಾಲ ಏನನ್ನೂ ಹಚ್ಚದೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ ಎಂದು ತಿಳಿಯಿರಿ. 12.1ರ ಹತ್ತಿರ ಬಂದರೆ ಅರ್ಧ ಮುಗಿದಿದೆ, ಅದಕ್ಕಿಂತ ಕೆಳಗಿಳಿಸಬೇಡಿ.

ಇನ್ನು ಯಾರೂ ಮಾತನಾಡಲು ಬಯಸದ ವಿಷಯ. ಶೌಚದ ಟ್ಯಾಂಕಿನ ಕವಾಟವನ್ನು ಯಾವಾಗಲೂ ಮುಚ್ಚಿಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಉಳಿದದ್ದು ಒಳಗೇ ಗಟ್ಟಿಯಾಗಿ ಕೂರುತ್ತದೆ. ಖಾಲಿ ಮಾಡುವಾಗ ಮೊದಲು ಅದು, ಆಮೇಲೆ ಬಚ್ಚಲ ನೀರಿನದು. ಎರಡನೆಯದು ಪೈಪನ್ನು ತೊಳೆದುಕೊಡುತ್ತದೆ. ಈ ಕ್ರಮವನ್ನು ನಾನು ಒಂದೇ ಒಂದು ಸಲ ತಪ್ಪಿಸಿದೆ. ವಿವರ ಬೇಡ.

ಒಂಬತ್ತನೆಯ ದಿನ ವಾಪಸಾದಾಗ ಮಲಗುವ ಆಸೆ ಬಹಳವಿತ್ತು. ಆದರೂ ನೀರಿನ ಟ್ಯಾಂಕುಗಳನ್ನು ಬರಿದು ಮಾಡಿ, ಗ್ಯಾಸ್ ಮುಚ್ಚಿ, ಬ್ಯಾಟರಿಯನ್ನು ಪೂರ್ತಿ ತುಂಬಿಸಿ ತಂತಿ ಕಳಚಿದೆ. ಬೂಸಲು ಹಿಡಿಯದಂತೆ ಫ್ರಿಜ್ ಬಾಗಿಲಿಗೆ ಒಂದು ಟವೆಲ್ ಸಿಕ್ಕಿಸಿ ತೆರೆದಿಟ್ಟೆ. ಹೊಸ ಟೈರಿನ ನಾಲ್ಕು ಅಂಕಿಗಳನ್ನು ಸ್ಟಿಯರಿಂಗ್ ಪಕ್ಕದಲ್ಲಿ ಚೀಟಿ ಬರೆದು ಅಂಟಿಸಿದೆ.