ಕ್ಯಾಡ್ ಡಿಸೈನ್ ರೆಡಿ ಇದೆ, ಪಾರ್ಟ್ ಎಲ್ಲಿ ಮಾಡ್ಸೋದು?

ನಮ್ ಚಿಕ್ಕಮಗಳೂರು ಕಡೆ ಇಂಜಿನಿಯರಿಂಗ್ ಓದಿ ತೋಟಕ್ಕೆ ವಾಪಸ್ ಬಂದಿರೋ ಹುಡುಗ್ರು ಸುಮಾರು ಜನ ಇದಾರೆ, ಫ್ರೀಕ್ಯಾಡ್, ಫ್ಯೂಷನ್ ತರದ ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡೋ) ಸಾಫ್ಟ್‌ವೇರ್ ಎಲ್ಲ ಚೆನ್ನಾಗಿ ಬರುತ್ತೆ, ಹಳೇ ಕಾಫಿ ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್) ಅಳತೆ ತಗೊಂಡು ಪೂರ್ತಿ ಮಾಡೆಲ್ ಮಾಡಿ ಇಟ್ಕೊಂಡಿರ್ತಾರೆ. ಆಮೇಲೆ ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ, "ಅಣ್ಣ ಇದನ್ನ ಎಲ್ಲಿ ಮಾಡ್ಸೋದು, ಒಂದೇ ಪೀಸ್ ಅಂದ್ರೆ ಯಾರೂ ಮಾಡಲ್ಲ ಅಂತಾರೆ." ಎಲ್ಲರಿಗೂ ಫೋನಲ್ಲಿ ಹೇಳೋದನ್ನೇ ಇಲ್ಲಿ ಬರೀತಿದೀನಿ.

ಇಡೀ ಅಸೆಂಬ್ಲಿ ಮಾಡ್ಕೊಡೋ ಒಂದು ಅಂಗಡಿ ಹುಡುಕೋಕೆ ಹೋಗ್ಬೇಡಿ. ಡಿಸೈನ್‌ನ ಮೊದ್ಲು ಕೆಲಸದ ಪ್ರಕಾರ ಬಿಡಿಸಿ, ಯಾವುದು ಲೇತ್ ಕೆಲ್ಸ (ಪಾರ್ಟ್‌ನ ತಿರುಗಿಸಿ ದುಂಡಗೆ ಕೆತ್ತೋದು), ಯಾವುದು ಲೇಸರ್ ಕಟಿಂಗ್, ಯಾವುದು ವಿಎಂಸಿ (ಕಂಪ್ಯೂಟರ್ ಓಡಿಸೋ ಮಿಲ್ಲಿಂಗ್ ಮೆಷಿನ್) ಮಿಲ್ಲಿಂಗ್ ಅಂತ. ಹಂಗೆ ಬಿಡಿಸಿದ್ರೆ ಮುಕ್ಕಾಲು ಪಾಲು ಚಿಕ್ಕಮಗಳೂರು ಹಾಸನದ ಒಳಗೇ ಆಗೋಗುತ್ತೆ, ಬೆಂಗಳೂರಿಗೆ ಕಳಿಸ್ಬೇಕಾಗಿರೋದು ಸ್ವಲ್ಪವೇ ಉಳಿಯುತ್ತೆ.

ನಾನು ಮಾಡ್ಸಿದ್ದನ್ನೇ ಹೇಳ್ತೀನಿ. ನಮ್ ತೋಟದ ಡ್ರಮ್ ಪಲ್ಪರ್‌ಗೆ ಸ್ಪೇರ್ ಸಿಗೋದು ನಿಂತು ಎಷ್ಟೋ ಕಾಲ ಆಯ್ತು, ಶಾಫ್ಟ್ ಬೇರಿಂಗ್ ಕೂರೋ ಕಡೆ ಸವೆದು ಡ್ರಮ್ ಅಲ್ಲಾಡ್ತಿತ್ತು, ಡ್ರಮ್ ಅಲ್ಲಾಡಿದ್ರೆ ಚಾಪ್‌ಗೂ (ಡ್ರಮ್ ಎದುರು ಅಲ್ಲಾಡದೆ ಕೂತಿರೋ ಪಟ್ಟಿ) ಡ್ರಮ್‌ಗೂ ಇರೋ ಗ್ಯಾಪ್ ಒಂದೇ ಸಮ ಇರಲ್ಲ, ಒಂದ್ ಕಡೆ ಹಣ್ಣು ಹಂಗೇ ದಾಟ್ಕೊಂಡ್ ಹೋಗುತ್ತೆ ಇನ್ನೊಂದ್ ಕಡೆ ಬೀಜಾನೇ ಕಟ್ ಆಗುತ್ತೆ, ಕಾಫಿ ಬೆಳೆಯೋರಿಗೆ ಗೊತ್ತು ಕಟ್ ಆದ ಬೀಜಕ್ಕೆ ಏನ್ ರೇಟು ಅಂತ. ಹಾಗಾಗಿ ಹೊಸ ಶಾಫ್ಟ್, ಎರಡು ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರೋ ಗೂಡು), ಎರಡು ಸೈಡ್ ಪ್ಲೇಟು, ಒಂದು ಗಾರ್ಡು ಡಿಸೈನ್ ಮಾಡ್ದೆ.

ಬೆಂಗಳೂರಿನ ಒಂದು ಆನ್‌ಲೈನ್ ಕಂಪನಿಗೆ ಪೂರ್ತಿ ಸ್ಟೆಪ್ ಫೈಲ್ (ಎಲ್ಲ ಕ್ಯಾಡ್ ಸಾಫ್ಟ್‌ವೇರ್‌ಲೂ ತೆರೆಯೋ 3ಡಿ ಫೈಲ್) ಕಳ್ಸಿದಾಗ ಬಂದ ಕೊಟೇಷನ್‌ಗೆ ಹಳೇ ಪಲ್ಪರ್ ಇನ್ನೊಂದು ತಗೋಬಹುದಿತ್ತು. ಅವರದ್ದೂ ತಪ್ಪಲ್ಲ, ಒಂದು ಪೀಸ್‌ಗೂ ನೂರು ಪೀಸ್‌ಗೂ ಪ್ರೋಗ್ರಾಮ್ ಬರೆಯೋದು, ಮೆಷಿನ್ ಸೆಟ್ ಮಾಡೋದು ಒಂದೇ ಸಲ, ಆ ಖರ್ಚೆಲ್ಲ ಒಂದೇ ಪೀಸ್ ಮೇಲೆ ಬೀಳುತ್ತೆ. ಕೈಯಲ್ಲಿ ಓಡಿಸೋ ಲೇತ್‌ಗೆ ಪ್ರೋಗ್ರಾಮ್ ಬೇಡ, ಅದಕ್ಕೇ ಒಂದೆರಡು ಪೀಸ್‌ಗೆ ನಮ್ಮೂರಿನ ಲೇತ್ ಅಂಗಡಿನೇ ಸರಿ.

ಆದ್ರೆ ಲೇತ್ ಅಂಗಡಿಗೆ ಲ್ಯಾಪ್‌ಟಾಪ್ ತಗೊಂಡ್ ಹೋಗಿ ಮಾಡೆಲ್ ತಿರುಗಿಸಿ ತೋರಿಸಿದ್ರೆ ಆಗಲ್ಲ, ಎ4 ಹಾಳೆ ಮೇಲೆ ಡ್ರಾಯಿಂಗ್ ಬೇಕು. ಎಲ್ಲಿ ಫಿಟ್ ಮುಖ್ಯ ಅನ್ನೋದು ಮಾಡೆಲ್‌ನಲ್ಲಿ ಕಾಣಲ್ಲ. ನಂದು 6205 ಬೇರಿಂಗು, ಒಳಗೆ 25 ಮಿ.ಮೀ., ಹೊರಗೆ 52, ದಪ್ಪ 15. ಮಾಡೆಲ್‌ನಲ್ಲಿ ಶಾಫ್ಟೂ 25, ಬೇರಿಂಗೂ 25, ಅಷ್ಟೇ ಕೊಟ್ರೆ ಬೇರಿಂಗ್ ಬಿಗಿಯಾಗಿ ಕೂರ್ಬೇಕಾ ಜಾರ್ಬೇಕಾ ಅಂತ ಅವರಿಗೆ ಹೆಂಗ್ ಗೊತ್ತಾಗ್ಬೇಕು? ಫಿಟ್‌ಗೆ ಸ್ಟ್ಯಾಂಡರ್ಡ್ ಕೋಡ್ ಇದಾವೆ, ಶಾಫ್ಟ್‌ಗೆ ಕೆ6 ಅಂದ್ರೆ 25.002ರಿಂದ 25.015, ಹೌಸಿಂಗ್‌ಗೆ ಎಚ್7 ಅಂದ್ರೆ 52.00ರಿಂದ 52.03, ಹಿಂಗೆ ನಂಬರ್‌ನಲ್ಲೇ ಬರ್ಕೊಡಿ, ಜೊತೆಗೆ ಬೇರಿಂಗ್‌ನೂ ಕೈಗೆ ಕೊಡಿ, ಒಳ್ಳೆ ಟರ್ನರ್ ಅದನ್ನ ಹಾಕಿ ನೋಡಿನೇ ಮುಗಿಸ್ತಾರೆ. ಉಳಿದ ಅಳತೆಗೆಲ್ಲ ಬಿಗಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗ್ಬಹುದು ಅನ್ನೋ ಮಿತಿ) ಹಾಕ್ಬೇಡಿ. "ಐಎಸ್‌ಒ 2768 ಮೀಡಿಯಂ" ಅಂತ ಕೆಳಗೆ ಒಂದು ಸಾಲು ಬರೆದ್ರೆ ಸಾಕು, 6ರಿಂದ 30 ಮಿ.ಮೀ. ಒಳಗಿನ ಅಳತೆಗೆ 0.2 ಹೆಚ್ಚುಕಮ್ಮಿ ನಡೆಯುತ್ತೆ ಅಂತ ಅರ್ಥ. ಎಲ್ಲ ಕಡೆ 0.01 ಅಂತ ಹಾಕಿದ್ರೆ ರೇಟ್ ಏರುತ್ತೆ, ಇಲ್ಲಾ ಅವರು ಯಾವುದನ್ನೂ ಗಂಭೀರವಾಗಿ ತಗೊಳಲ್ಲ.

ಮೆಟೀರಿಯಲ್ ಕೂಡ ಹಾಳೆ ಮೇಲೆ ಇರ್ಲಿ. ಶಾಫ್ಟ್‌ಗೆ ಇಎನ್8 (ಗಟ್ಟಿ ಕಾರ್ಬನ್ ಸ್ಟೀಲ್), ಹಣ್ಣಿನ ರಸ ತಾಗೋ ಗಾರ್ಡ್‌ಗೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್). ಬರೀಲಿಲ್ಲ ಅಂದ್ರೆ ಅಂಗಡೀಲಿ ಬಿದ್ದಿರೋ ಎಂಎಸ್ (ಸಾದಾ ಮೈಲ್ಡ್ ಸ್ಟೀಲ್) ರಾಡ್‌ನಲ್ಲೇ ಆಗೋಗುತ್ತೆ.

ಸೈಡ್ ಪ್ಲೇಟು ಗಾರ್ಡು ಎರಡೂ ಹಾಸನದಲ್ಲಿ ಲೇಸರ್ ಕಟ್ ಆದ್ವು. ಲೇಸರ್‌ನೋರಿಗೆ ಬೇಕಾಗಿರೋದು 1:1 ಸ್ಕೇಲಿನ ಡಿಎಕ್ಸ್‌ಎಫ್ (2ಡಿ ಗೆರೆಗಳ ಫೈಲ್), ಮಿ.ಮೀ.ನಲ್ಲಿ, ಡೈಮೆನ್ಷನ್ ಗೆರೆ ಟೈಟಲ್ ಬ್ಲಾಕ್ ಎಲ್ಲ ತೆಗೆದು ಬರೀ ಕಟ್ ಆಗೋ ಗೆರೆ. ಬೇರಿಂಗ್ ಕೂರೋ ತೂತನ್ನ ಲೇಸರ್‌ಗೆ ಬಿಡ್ಬೇಡಿ, ಆ ಫಿಟ್ ಅದ್ರಲ್ಲಿ ಬರಲ್ಲ, ಅದಕ್ಕೇ ಹೌಸಿಂಗ್‌ನ ಬೇರೆ ಮಾಡಿ ಲೇತ್‌ನಲ್ಲಿ ಬೋರ್ ಮಾಡ್ಸಿ ಪ್ಲೇಟ್‌ಗೆ ಬೋಲ್ಟ್ ಹಾಕೋ ತರ ಇಟ್ಟೆ. ಎರಡೂ ಪ್ಲೇಟ್ ಒಂದೇ ಫೈಲಿಂದ ಕಟ್ ಆದ್ರಿಂದ ಬೋಲ್ಟ್ ತೂತು ಎದುರುಬದುರು ಸರಿಯಾಗಿ ಕೂತ್ವು. ಗಾರ್ಡ್‌ನಂತ ಬೆಂಡ್ ಆಗೋ ಶೀಟ್ ಇದ್ರೆ ಒಳಗಿನ ರೇಡಿಯಸ್ ಶೀಟ್ ದಪ್ಪದಷ್ಟಾದ್ರೂ ಇಡಿ, ತೂತುಗಳನ್ನ ಬೆಂಡಿಂದ ದೂರ ಇಡಿ, ಹತ್ರ ಇದ್ರೆ ಮಡಚುವಾಗ ಸೊಟ್ಟ ಆಗ್ತವೆ.

ಶಾಫ್ಟ್‌ನ ಕೀವೇ, ಅಂದ್ರೆ ಕೀ ಕೂರೋ ಗಾಡಿ (25ಕ್ಕೆ 8 ಅಗಲದ ಕೀ) ಮಿಲ್ಲಿಂಗ್ ಮೆಷಿನ್ ಇರೋ ಅಂಗಡೀಲಿ ಆಗುತ್ತೆ. ಡೈ, ವೈರ್‌ಕಟ್ (ಕರೆಂಟ್ ಹರಿಯೋ ತಂತಿಯಿಂದ ಲೋಹ ಕತ್ತರಿಸೋದು) ಅಂತ ನಿಖರವಾದ ಕೆಲ್ಸ ಇದ್ರೆ ಹಾಸನದಲ್ಲೇ ಜಿಟಿಟಿಸಿ (ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್) ಇದೆ, ಅಲ್ಲಿ ವಿಚಾರಿಸಿ ಅಂತ ಎಲ್ಲರಿಗೂ ಹೇಳ್ತೀನಿ. 1972ರಲ್ಲಿ ಡೆನ್ಮಾರ್ಕ್ ಸಹಯೋಗದಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಅದು, ಬರೀ ಡಿಪ್ಲೊಮಾ ಕಾಲೇಜು ಅಂದ್ಕೊಂಡು ನಮ್ಮೋರು ಗೇಟ್ ಒಳಗೇ ಹೋಗಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರಿನ ವಿಷ್ಯ. ಗೇರ್ ಕಟಿಂಗ್, ಹೀಟ್ ಟ್ರೀಟ್‌ಮೆಂಟ್ ಮಾತ್ರ ನಾನು ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾಕ್ಕೇ ಕಳಿಸೋದು. ಪೀಣ್ಯದಲ್ಲಿ ಒಂದೊಂದು ಶೆಡ್‌ಗೆ ಒಂದೊಂದೇ ಕೆಲ್ಸ, ಬರೀ ಗ್ರೈಂಡಿಂಗ್ ಮಾಡೋರು, ಬರೀ ಪ್ಲೇಟಿಂಗ್ ಮಾಡೋರು, ಒಬ್ಬರ ಹತ್ರ ಹೋದ್ರೆ ಮುಂದಿನ ಕೆಲಸದೋರ ನಂಬರ್ ಅವರೇ ಕೊಡ್ತಾರೆ.

ವಿಎಂಸಿಗೆ ಕೊಡೋ ಪಾರ್ಟ್ ಇದ್ರೆ ಒಳಮೂಲೆಗಳನ್ನ ಚೂಪಾಗಿ ಬಿಡ್ಬೇಡಿ, 10 ಮಿ.ಮೀ. ಎಂಡ್‌ಮಿಲ್ (ತಿರುಗೋ ದುಂಡು ಕಟರ್) ತಿರುಗಿದ ಮೂಲೇಲಿ 5 ಮಿ.ಮೀ. ರೇಡಿಯಸ್ ಉಳಿದೇ ಉಳಿಯುತ್ತೆ. ಫೈಲ್ ಸ್ಟೆಪ್‌ನಲ್ಲೇ ಕೊಡಿ, ಎಸ್‌ಟಿಎಲ್ ಫೈಲ್ 3ಡಿ ಪ್ರಿಂಟಿಂಗ್‌ಗೆ ಸರಿ, ಅದ್ರಲ್ಲಿ ದುಂಡಗಿನ ತೂತೂ ತ್ರಿಕೋನಗಳ ತುಂಡೇ ಆಗಿರುತ್ತೆ.

ಅಂಗಡಿ ಒಳ್ಳೇದಾ ಅಂತ ನೋಡೋಕೆ ನಂದೊಂದು ಲೆಕ್ಕ ಇದೆ, ಡ್ರಾಯಿಂಗ್ ನೋಡಿ ಏನಾದ್ರೂ ಪ್ರಶ್ನೆ ಕೇಳ್ತಾರಾ ಅಂತ. "ಶಾಫ್ಟ್‌ನ ಈ ಸ್ಟೆಪ್‌ಗೆ ಅಂಡರ್‌ಕಟ್ (ಮೂಲೇಲಿ ಸಣ್ಣ ಗಾಡಿ) ಕೊಡ್ಲಾ, ಇಲ್ಲಾಂದ್ರೆ ಬೇರಿಂಗ್ ಪೂರ್ತಿ ಕೂರಲ್ಲ" ಅಂತ ಕೇಳಿದ ಹಿರಿಯರೊಬ್ಬರ ಹತ್ರಾನೇ ನಾನು ಇವತ್ತಿಗೂ ಹೋಗೋದು, ರೇಟ್ ಸ್ವಲ್ಪ ಜಾಸ್ತಿ ಆದ್ರೂ.

ಮತ್ತೆ ಇದನ್ನೆಲ್ಲ ಮಳೆಗಾಲದಲ್ಲೇ ಮಾಡ್ಸಿ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರು ಆದ್ಮೇಲೆ ಲೇತ್ ಅಂಗಡಿಗಳ ಮುಂದೆಲ್ಲ ಬಿಚ್ಚಿದ ಪಲ್ಪರ್‌ಗಳೇ ಇರ್ತವೆ, ಆಗ ಹೊಸ ಡ್ರಾಯಿಂಗ್ ತಗೊಂಡ್ ಹೋದ್ರೆ ನೋಡೋಕೂ ಅವರಿಗೆ ಪುರುಸೊತ್ತು ಇರಲ್ಲ.