ಐದು ಸೆಂಟಿಮೀಟರಿನ ಗೋಡೆ ಗಡಿಯಾರ

ತುಮಕೂರಿನಲ್ಲಿ ನಾನು ವಾಚ್ ರಿಪೇರಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಕಳೆದ ಕೆಲವು ವರ್ಷಗಳಿಂದ ರಿಪೇರಿಯ ಜೊತೆಗೆ ಗೊಂಬೆ ಮನೆಗಳಿಗೆ ಪುಟ್ಟ ಗಡಿಯಾರಗಳನ್ನು ಕೈಯಿಂದಲೇ ಮಾಡಿಕೊಡುತ್ತಿದ್ದೇನೆ. ಈ ಎರಡನೆಯ ಕೆಲಸವನ್ನು ಮೊದಲನೆಯದರ ಚಿಕ್ಕ ರೂಪವೆಂದು ತಿಳಿದು ಶುರು ಮಾಡಿದ್ದೇ ನನ್ನ ಮೊದಲ ತಪ್ಪು. ಆ ತಪ್ಪು ಹೇಗೆ ಬೆಳೆಯಿತು, ಎಲ್ಲಿ ಸರಿಹೋಯಿತು ಎಂಬುದನ್ನು ಈ ಕೆಲಸಕ್ಕೆ ಕೈಹಾಕುವವರಿಗಾಗಿ ಬರೆದಿಡುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ನಮ್ಮೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು ಹೊರಬಂದವರು. ಕಾರ್ಖಾನೆಯನ್ನು 2016ರಲ್ಲಿ ಮುಚ್ಚಿದರು, ಜಾಗ ಆಮೇಲೆ ಇಸ್ರೋ ಕೈಗೆ ಹೋಯಿತು. ಆದರೆ ಅಲ್ಲಿ ಕಲಿತ ಕೈಗಳು ಊರಿನ ಸಣ್ಣಪುಟ್ಟ ಅಂಗಡಿಗಳಲ್ಲಿ ಇನ್ನೂ ಕೆಲಸ ಮಾಡುತ್ತಿವೆ. ನನ್ನ ಗುರುಗಳು ಹೆಚ್ಚು ಮಾತನಾಡುವವರಲ್ಲ. ಹೊಸಬರು ವಾಚಿನ ಹಿಂಬದಿ ಮುಚ್ಚಲು ಹೊರಟಾಗ ಮಾತ್ರ ತಪ್ಪದೆ, “ಮುಚ್ಚೋಕೆ ಮುಂಚೆ ಬಿಚ್ಚೋದು ಹೆಂಗೆ ಅಂತ ಯೋಚನೆ ಮಾಡಿದ್ದೀಯೇನೋ?” ಎಂದು ಕೇಳುತ್ತಿದ್ದರು. ಈ ಮಾತನ್ನು ನಾನು ಮರೆತ ದಿನದ ಕಥೆ ಮುಂದೆ ಬರುತ್ತದೆ.

ಮಧುಗಿರಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಅತ್ತೆಯ ಕಾಲದ ಕೀ ಕೊಡುವ ಗೋಡೆ ಗಡಿಯಾರವನ್ನು ರಿಪೇರಿಗೆ ತಂದಿದ್ದರು. ಮುಖ್ಯ ಸ್ಪ್ರಿಂಗ್ ತುಂಡಾಗಿತ್ತು, ಅದನ್ನು ಬದಲಿಸಿದೆ. ತೆಗೆದುಕೊಂಡು ಹೋಗಲು ಬಂದಾಗ ಅವರು, ಕೆಡವಿಹಾಕಿದ ತಮ್ಮ ತೊಟ್ಟಿ ಮನೆಯನ್ನು ಬಡಗಿಯೊಬ್ಬರಿಂದ ಪುಟ್ಟದಾಗಿ ಮಾಡಿಸುತ್ತಿರುವುದಾಗಿಯೂ, ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಅದನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲಿ ಇಡಬೇಕೆಂದಿರುವುದಾಗಿಯೂ ಹೇಳಿ, “ಇದರದ್ದೇ ಒಂದು ಮರಿ ಮಾಡಿಕೊಡೋಕೆ ಆಗುತ್ತೇನಪ್ಪಾ?” ಎಂದು ಕೇಳಿದರು. ಹಿಂದೆ ಮುಂದೆ ನೋಡದೆ ಆಗುತ್ತದೆ ಎಂದುಬಿಟ್ಟೆ.

ಗೊಂಬೆ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಹನ್ನೆರಡಕ್ಕೆ ಒಂದು. ಎಂದರೆ ಒಂದು ಅಡಿಗೆ ಒಂದು ಅಂಗುಲ. ನವದೆಹಲಿಯನ್ನು ರೂಪಿಸಿದ ಎಡ್ವಿನ್ ಲ್ಯೂಟೆನ್ಸ್ ಅವರೇ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆ ಮನೆಯನ್ನು ರೂಪಿಸಿದ್ದರು. 1924ರಲ್ಲಿ ಮುಗಿದ, ಈಗಲೂ ವಿಂಡ್ಸರ್ ಅರಮನೆಯಲ್ಲಿರುವ ಆ ಮನೆಯ ಅಳತೆಯೂ ಇದೇ. ಅಲ್ಲಿನ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ. ಅಲ್ಲಿಗೆ ಗಡಿಯಾರ ಮಾಡಿಕೊಟ್ಟದ್ದು ಫ್ರಾನ್ಸಿನ ಹೆಸರಾಂತ ಆಭರಣ ಸಂಸ್ಥೆ ಕಾರ್ತಿಯೇ (Cartier). ನಮ್ಮ ಮೇಡಂ ಅವರ ಗಡಿಯಾರ 24 ಅಂಗುಲ ಉದ್ದ, 9 ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ ಇತ್ತು. ಹನ್ನೆರಡರಿಂದ ಭಾಗಿಸಿದರೆ 51 ಮಿ.ಮೀ. ಉದ್ದ, 19 ಮಿ.ಮೀ. ಅಗಲ, ಒಂಬತ್ತೂವರೆ ಮಿ.ಮೀ. ದಪ್ಪ. ಬೆಂಕಿಪೊಟ್ಟಣದಷ್ಟು ಉದ್ದ, ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಗಲ.

ನಿಂತ ಗಡಿಯಾರವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ಮಾತು ನಮ್ಮಲ್ಲಿದೆ. ಹಬ್ಬಕ್ಕೆ ಇಡುವ ವಸ್ತುವಾದ್ದರಿಂದ ಅದು ನಡೆಯಲೇಬೇಕೆಂದು ನಾನೇ ತೀರ್ಮಾನಿಸಿದೆ, ಅವರನ್ನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಶಾಸ್ತ್ರಕ್ಕಿಂತ ನನ್ನ ಜಂಬವೇ ಅಲ್ಲಿ ಹೆಚ್ಚಿತ್ತು. ವಾಚ್ ರಿಪೇರಿಯವನು ನಡೆಯದ ಗಡಿಯಾರ ಮಾಡಿಕೊಟ್ಟ ಎಂದರೆ ಊರಿನವರು ಏನೆಂದಾರು ಎಂಬ ಯೋಚನೆ. ಹೆಂಗಸರ ವಾಚಿಗೆ ಹಾಕುವ, ಸೆಲ್ಲಿನಿಂದ ನಡೆಯುವ ಸಣ್ಣ ಕ್ವಾರ್ಟ್ಜ್ ಮೆಷಿನ್ನು ಸುಮಾರು 15 ಮಿ.ಮೀ. ಅಗಲ, 18 ಮಿ.ಮೀ. ಉದ್ದ, ಮೂರು ಮಿ.ಮೀ.ಗಿಂತ ತುಸು ಹೆಚ್ಚು ದಪ್ಪ ಇರುತ್ತದೆ. 19 ಮಿ.ಮೀ. ಪೆಟ್ಟಿಗೆಯಲ್ಲಿ ಎರಡೂ ಬದಿಯ ಮರದ ದಪ್ಪ ಕಳೆದರೆ ಒಳಗೆ ಉಳಿಯುವುದು 16 ಮಿ.ಮೀ. ಅಷ್ಟರಲ್ಲಿ ಮೆಷಿನ್ನನ್ನು ಕೂರಿಸಿ, ಟೈಮು ತಿದ್ದುವ ಕಡ್ಡಿಗೆ ದಾರಿ ಬಿಟ್ಟು, ಹಿಂಬದಿಗೆ ಹಲಗೆ ಹೊಡೆಯುವುದು ಕಷ್ಟವೆನಿಸಿತು. ಆದ್ದರಿಂದ ಅಗಲಕ್ಕೆ ನಾಲ್ಕು ಮಿ.ಮೀ., ದಪ್ಪಕ್ಕೆ ಮೂರೂವರೆ ಮಿ.ಮೀ. ಸೇರಿಸಿದೆ. ನಾಲ್ಕು ಮಿ.ಮೀ. ಯಾವ ಲೆಕ್ಕ ಎಂದುಕೊಂಡಿದ್ದೆ. ಗೊಂಬೆ ಮನೆಯಲ್ಲಿ ಒಂದು ಮಿ.ಮೀ. ಎಂದರೆ ಹೆಚ್ಚುಕಡಿಮೆ ಅರ್ಧ ಅಂಗುಲ, ಎಂದರೆ ನಾನು ಸೇರಿಸಿದ್ದು ಎರಡು ಅಂಗುಲ ಎಂಬುದು ಆಗ ಹೊಳೆಯಲಿಲ್ಲ.

ಮರದ ಆಯ್ಕೆಯಲ್ಲೂ ಎಡವಿದೆ. ಅಸಲು ಗಡಿಯಾರ ತೇಗದ್ದೆಂದು ನಾನೂ ತೇಗವನ್ನೇ ಸೀಳಿಸಿ ತಂದೆ. ತೇಗದ ಎಳೆ ಮತ್ತು ರಂಧ್ರಗಳು ದೊಡ್ಡ ಬಾಗಿಲಿಗೆ ಚಂದ. ಐದು ಸೆಂಟಿಮೀಟರಿನ ಪೆಟ್ಟಿಗೆಯ ಮೇಲೆ ಅವು ಗದ್ದೆಯ ಸಾಲಿನಂತೆ ಕಾಣುತ್ತವೆ. ಈಗ ನಾನು ಬಳಸುವುದು ಚನ್ನಪಟ್ಟಣದ ಗೊಂಬೆಯವರು ಕಡೆಯುವ ಆಲೆ ಮರ. ಅದರ ಎಳೆ ಕಣ್ಣಿಗೆ ಕಾಣದಷ್ಟು ನಯವಾಗಿರುವುದರಿಂದ, ಒಂದೂವರೆ ಮಿ.ಮೀ. ಹಾಳೆಯಾಗಿ ಸೀಳಿಸಿ, ಉಜ್ಜಿ, ತೇಗದ ಬಣ್ಣ ಹಚ್ಚಿದರೆ ತೇಗಕ್ಕಿಂತ ಹೆಚ್ಚು ತೇಗದಂತೆ ಕಾಣುತ್ತದೆ.

ಹತ್ತೊಂಬತ್ತು ದಿನ ಕೂತು ಮುಗಿಸಿ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅವರ ಮನೆಗೆ ತೆಗೆದುಕೊಂಡು ಹೋದೆ. ಮೇಡಂ ಅದನ್ನು ಪುಟ್ಟ ಪಡಸಾಲೆಯ ಗೋಡೆಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಇದೇನಪ್ಪಾ, ಗಡಿಯಾರಕ್ಕೆ ಹೊಟ್ಟೆ ಬಂದಿದೆ!” ಎಂದರು. ಆಮೇಲೆ ಹತ್ತಿರ ಬಗ್ಗಿ ನೋಡಿ, “ನಮ್ಮ ಗಡಿಯಾರದಲ್ಲಿ ನಾಲ್ಕಕ್ಕೆ ನಾಲ್ಕು ಕಡ್ಡಿ ಇರೋದು ಅಲ್ವಾ?” ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಸಿಕ್ಕ ರೋಮನ್ ಅಂಕಿಗಳನ್ನು ಹಾಗೆಯೇ ಮುದ್ರಿಸಿದ್ದರಿಂದ ನನ್ನ ಡಯಲಿನಲ್ಲಿ ನಾಲ್ಕು ಎಂಬುದು ಐದರ ಗುರುತಿನ ಎಡಕ್ಕೆ ಒಂದು ಕಡ್ಡಿಯಾಗಿತ್ತು. ಹಳೆಯ ಗಡಿಯಾರಗಳಲ್ಲಿ ಬಹುಪಾಲು ನಾಲ್ಕು ಕಡ್ಡಿಗಳೇ ಇರುತ್ತವೆ. ಸಾವಿರಾರು ಡಯಲುಗಳನ್ನು ಬಿಚ್ಚಿ ತೊಳೆದ ನನಗೆ ಅದು ಕಂಡಿರಲಿಲ್ಲ, ದಿನಾ ಅದರ ಕೆಳಗೆ ಓಡಾಡಿದ ಅವರಿಗೆ ಕಂಡಿತು.

ಲೋಲಕದ ವಿಷಯ ಇನ್ನೂ ನಗೆಪಾಟಲು. ತೆಳು ತಂತಿಗೆ ಹಿತ್ತಾಳೆಯ ಬಿಲ್ಲೆ ಅಂಟಿಸಿ, ಬೆರಳು ತಾಗಿಸಿದರೆ ಓಲಾಡುವಂತೆ ತೂಗುಬಿಟ್ಟಿದ್ದೆ. ಅಸಲು ಗಡಿಯಾರದ ಹತ್ತು ಅಂಗುಲದ ಲೋಲಕ ಸೆಕೆಂಡಿಗೆ ಎರಡು ಸಲ ಗಂಭೀರವಾಗಿ ಅತ್ತಿತ್ತ ಹೋಗುತ್ತದೆ. ಲೋಲಕದ ಓಲಾಟದ ಕಾಲ ಅದರ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ, ಹನ್ನೆರಡರಲ್ಲಿ ಒಂದು ಪಾಲಿನ ಉದ್ದದ ಲೋಲಕ ಸುಮಾರು ಮೂರೂವರೆ ಪಟ್ಟು ಬೇಗ, ಎಂದರೆ ಸೆಕೆಂಡಿಗೆ ಏಳು ಸಲ ಓಲಾಡುತ್ತದೆ. ನೋಡಿದವರಿಗೆ ಗಡಿಯಾರಕ್ಕೆ ಚಳಿಜ್ವರ ಬಂದಂತೆ ಕಾಣುತ್ತಿತ್ತು. ಮರವನ್ನು, ಹಿತ್ತಾಳೆಯನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ಭೂಮಿಯ ಸೆಳೆತವನ್ನು ಹನ್ನೆರಡಕ್ಕೆ ಒಂದು ಮಾಡುವುದಕ್ಕೆ ನಮ್ಮ ಅಂಗಡಿಯಲ್ಲಿ ಸಲಕರಣೆಯಿಲ್ಲ.

ಇಷ್ಟಾದರೂ ಅದು ನಡೆಯುತ್ತಿದೆಯಲ್ಲ ಎಂಬ ಸಮಾಧಾನ ನನಗಿತ್ತು. ನವರಾತ್ರಿಯ ನಾಲ್ಕನೆಯ ದಿನ ನಿಂತಿತು. ಪೆಟ್ಟಿಗೆ ಮುಚ್ಚುವ ಅವಸರದಲ್ಲಿ ಡ್ರಾಯರಿನಲ್ಲಿದ್ದ ಬಿಡಿ ಸೆಲ್ ಒಂದನ್ನು ಮೀಟರಿಗೆ ಹಿಡಿದು, 1.55 ವೋಲ್ಟ್ ತೋರಿಸಿದ್ದನ್ನು ನಂಬಿ ಹಾಕಿದ್ದೆ. ವಾಚಿಗೆ ಹಾಕುವ ಸಿಲ್ವರ್ ಆಕ್ಸೈಡ್ ಸೆಲ್ಲು ತನ್ನ ಆಯುಸ್ಸಿನ ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟೇ ವೋಲ್ಟ್ ತೋರಿಸಿ, ನಂತರ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಮೀಟರ್ ನೋಡಿ ಅದು ಹೊಸದೋ ಹಳೆಯದೋ ಹೇಳಲಾಗದು. ಇದು ಗೊತ್ತಿಲ್ಲದ ಸಂಗತಿಯೇನಲ್ಲ, ಗಿರಾಕಿಗಳಿಗೆ ನಾನೇ ಎಷ್ಟೋ ಸಲ ವಿವರಿಸಿದ್ದೇನೆ. ಸೆಲ್ ಬದಲಿಸೋಣವೆಂದರೆ ಹಿಂಬದಿಯ ಹಲಗೆಯನ್ನು ಎರಡು ಟ್ಯೂಬಿನ ಅಂಟು ಕಲಸಿ ಭದ್ರವಾಗಿ ಕೂರಿಸಿದ್ದೆ. ಗುರುಗಳ ಮಾತು ನೆನಪಾದದ್ದು ಆಗಲೇ. ಮೇಡಂ ಅವರ ಮನೆಯ ಊಟದ ಮೇಜಿನ ಮೇಲೆ, ಗೊಂಬೆ ನೋಡಲು ಬಂದ ಮಕ್ಕಳೆಲ್ಲ ಸುತ್ತ ನಿಂತಿರಲು, ಅಕ್ಕಸಾಲಿಗರ ಗರಗಸದಲ್ಲಿ ಅದರ ಬೆನ್ನು ಕೊಯ್ಯಬೇಕಾಯಿತು. ಮರವೂ ಸೀಳಿತು. ಹಣ ಹಿಂದಿರುಗಿಸಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ, ಮುಂದಿನ ದಸರಾಕ್ಕೆ ಸರಿಯಾಗಿ ಮಾಡಿಕೊಡಿ ಎಂದರು.

ಆ ವರ್ಷವಿಡೀ ಬೇರೆ ಬೇರೆ ರೀತಿಗಳನ್ನು ಪ್ರಯತ್ನಿಸಿದೆ. ಮೆಷಿನ್ನು ಗಡಿಯಾರದೊಳಗೇ ಇರಬೇಕೆಂಬ ಕಟ್ಟಳೆಯನ್ನು ಬಿಟ್ಟ ಮೇಲೆ ದಾರಿ ಸಿಕ್ಕಿತು. ಗೊಂಬೆ ಮನೆಯ ಗೋಡೆ ಸಾಮಾನ್ಯವಾಗಿ ಒಂಬತ್ತು ಮಿ.ಮೀ. ಪ್ಲೈವುಡ್ಡಿನದು. ಗೋಡೆಗೆ ಕಿಟಕಿಯಂತೆ ಒಂದು ಕಿಂಡಿ ಕೊರೆದು ಮೆಷಿನ್ನಿನ ಹೊಟ್ಟೆಯನ್ನು ಅದರಲ್ಲಿ ಅಡಗಿಸಿ, ಮುಖವಷ್ಟೇ ಪೆಟ್ಟಿಗೆಯೊಳಕ್ಕೆ ಬರುವಂತೆ ಮಾಡಿದರೆ ಗಡಿಯಾರದ ದಪ್ಪ ಅಸಲು ಅಳತೆಗೇ ನಿಲ್ಲುತ್ತದೆ. ಸೆಲ್ ಬದಲಿಸಲು ಗಡಿಯಾರವನ್ನೇ ಮೆಷಿನ್ನಿನ ಸಮೇತ ಗೋಡೆಯಿಂದ ಎಳೆದುಕೊಳ್ಳಬಹುದು. ಎಳೆಯಲು ಸುಲಭವಾಗಲೆಂದು ಮೊದಲ ಸಲ ಅಕ್ಕಿಕಾಳಿನಷ್ಟು ದೊಡ್ಡ ಅಯಸ್ಕಾಂತಗಳನ್ನು ಹಾಕಿದೆ. ಮೇಜಿನ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಗಡಿಯಾರ ಗೋಡೆಗೆ ಕೂರಿಸಿದೊಡನೆ ನಿಲ್ಲುತ್ತಿತ್ತು, ಕಿತ್ತರೆ ಮತ್ತೆ ನಡೆಯುತ್ತಿತ್ತು. ಕ್ವಾರ್ಟ್ಜ್ ಮೆಷಿನ್ನಿನ ಮುಳ್ಳುಗಳನ್ನು ತಳ್ಳುವ ಪುಟಾಣಿ ಮೋಟಾರೂ ಅಯಸ್ಕಾಂತದಿಂದಲೇ ಕೆಲಸ ಮಾಡುವಂಥದ್ದು, ಹೊರಗಿನ ಅಯಸ್ಕಾಂತ ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ಎರಡು ದಿನ ಮೆಷಿನ್ನನ್ನೇ ಬೈದೆ. ಈಗ ಬಿಗಿಯಾಗಿ ಕೂರುವ ಎರಡು ಹಿತ್ತಾಳೆಯ ಗೂಟಗಳಿಂದಲೇ ಕೆಲಸ ಸಾಗುತ್ತದೆ.

ಮುಳ್ಳುಗಳ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದು. 15 ಮಿ.ಮೀ. ಡಯಲಿಗೆ ನಿಮಿಷದ ಮುಳ್ಳು ಆರೂವರೆ ಮಿ.ಮೀ. ಉದ್ದ, ಗಂಟೆಯ ಮುಳ್ಳು ನಾಲ್ಕೂವರೆ. ಅಗಲ ಅರ್ಧ ಮಿ.ಮೀ.ಗಿಂತ ಕಡಿಮೆ. ತೆಳು ಉಕ್ಕಿನ ಹಾಳೆಯಲ್ಲಿ ಕೊಯ್ದು, ಕಣ್ಣಿಗೆ ಐ ಗ್ಲಾಸ್ ಎಂಬ ಪುಟ್ಟ ಭೂತಗನ್ನಡಿ ಹಾಕಿಕೊಂಡು ಅರದಿಂದ ತೀಡಿ, ಕನ್ನಡಿಯಂತೆ ಮಿರುಗುವವರೆಗೆ ಉಜ್ಜಬೇಕು. ನಂತರ ಹಿತ್ತಾಳೆಯ ತಟ್ಟೆಯಲ್ಲಿ ಹಿತ್ತಾಳೆಯ ಅರಪುಡಿ ಹರಡಿ, ಅದರ ಮೇಲೆ ಮುಳ್ಳನ್ನು ಮಲಗಿಸಿ, ಕೆಳಗೆ ಸ್ಪಿರಿಟ್ ದೀಪ ಹಚ್ಚುತ್ತೇನೆ. ಮೊದಲು ಹುಲ್ಲಿನ ಹಳದಿ ಬರುತ್ತದೆ, ಆಮೇಲೆ ಕಂದು, ನಂತರ ನೇರಳೆ, 300 ಡಿಗ್ರಿಯ ಆಸುಪಾಸಿನಲ್ಲಿ ನವಿಲಿನ ಕತ್ತಿನಂಥ ನೀಲಿ. ಆ ನೀಲಿ ಒಂದೆರಡು ಕ್ಷಣ ಮಾತ್ರ ಇರುತ್ತದೆ. ಚಿಮಟ ಕೈಯಲ್ಲಿ ಹಿಡಿದೇ ಕಾಯುತ್ತಿದ್ದು ಎತ್ತಿಬಿಡಬೇಕು, ತಡವಾದರೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿನಲ್ಲಿ ಅಂಗಡಿಗೆ ಯಾರು ಬಂದರೂ ನಾನು ತಲೆ ಎತ್ತುವುದಿಲ್ಲ. ಹೀಗೆ ಒಂದಿಬ್ಬರು ಗಿರಾಕಿಗಳು ಸಿಟ್ಟಾಗಿ ಹೊರಟುಹೋಗಿದ್ದಾರೆ.

ಎರಡನೆಯ ದಸರಾ ಬಂದಾಗ, ಈ ಸಲ ಮೊದಲೇ ಹೋಗಿ ಮೇಡಂ ಅವರನ್ನು ಕೇಳಿದೆ, ಗಡಿಯಾರ ನಡೆಯಬೇಕೋ ಅಥವಾ ನೋಡಲು ಅದರಂತೆಯೇ ಇದ್ದರೆ ಸಾಕೋ ಎಂದು. ಗೋಡೆಗೆ ಕಿಂಡಿ ಕೊರೆಯುವ ವಿಧಾನವನ್ನೂ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಡೆಯೋದು ದೊಡ್ಡದು ಮನೆಯಲ್ಲಿದೆಯಲ್ಲ. ಇದು ಗೊಂಬೆಗಳ ಮನೆ, ಅಲ್ಲಿ ಯಾವಾಗಲೂ ದೀಪ ಹಚ್ಚೋ ಹೊತ್ತಾಗಿರಲಿ. ಆರು ಹತ್ತು ಇಡಿ” ಎಂದರು. ನಿಂತ ಗಡಿಯಾರದ ಶಕುನದ ಬಗ್ಗೆ ನಾನೇ ಪ್ರಸ್ತಾಪ ತೆಗೆದಾಗ, ಅದು ನಿಂತಿಲ್ಲ, ಆ ಮನೆಯಲ್ಲಿ ಅಷ್ಟೇ ಹೊತ್ತಾಗಿದೆ ಎಂದು ಹೇಳಿ ಕಾಫಿ ತರಲು ಒಳಗೆ ಹೋದರು.

ಮೆಷಿನ್ನಿಲ್ಲದ ಗಡಿಯಾರ ಸುಲಭವೆಂದು ನನ್ನ ಅಂಗಡಿಯ ಹುಡುಗನೂ ತಿಳಿದಿದ್ದ. ಅವನಿಗೆ ಮುಳ್ಳು ಕೂರಿಸಲು ಕೊಟ್ಟರೆ ನಿಮಿಷದ್ದನ್ನು ಎರಡರ ಮೇಲೂ ಗಂಟೆಯದ್ದನ್ನು ನೇರ ಆರರ ಮೇಲೂ ಇಟ್ಟ. ಆರು ಹತ್ತಕ್ಕೆ ಗಂಟೆಯ ಮುಳ್ಳು ಆರನ್ನು ದಾಟಿ ಏಳರ ಕಡೆಗೆ ಆರನೆಯ ಒಂದು ಪಾಲು ಸರಿದಿರಬೇಕು. ಕೋನದಲ್ಲಿ ಅದು ಐದು ಡಿಗ್ರಿ, ಈ ಮುಳ್ಳಿನ ತುದಿಯಲ್ಲಿ ಅರ್ಧ ಮಿ.ಮೀ. ಕೂಡ ಇಲ್ಲ. “ಯಾರಿಗೆ ಕಾಣುತ್ತಣ್ಣಾ?” ಎಂದು ಕೇಳಿದ. ನಾಲ್ಕು ಕಡ್ಡಿಯ ಕಥೆ ಹೇಳಿ ಸರಿಪಡಿಸಿಸಿದೆ. ಲೋಲಕವನ್ನು ನಡುವೆ ನೇರವಾಗಿ ನಿಲ್ಲಿಸಿದರೆ ಸತ್ತಂತೆ ಕಾಣುತ್ತದೆಂದು ತುಸು ಎಡಕ್ಕೆ ವಾಲಿಸಿದೆ. ಆಗ ಅದು ಈಗಷ್ಟೇ ಅತ್ತ ಹೋಗಿ ಇನ್ನೇನು ಇತ್ತ ಬರಲಿದೆ ಎಂದು ಕಣ್ಣಿಗೆ ಅನ್ನಿಸುತ್ತದೆ. ಅಂಟು ಮಾತ್ರ ಹಾಕಲಿಲ್ಲ, ಮೇಲಿನ ತಂತಿಯ ಬಿಗಿಯಲ್ಲೇ ನಿಲ್ಲಿಸಿದೆ.

ಗೊಂಬೆ ಕೂರಿಸುವ ಹಿಂದಿನ ಸಂಜೆ ಮೇಡಂ ಅದನ್ನು ಪಡಸಾಲೆಯ ಗೋಡೆಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದರು, ಮುಂದೆ ಬಂದು ಬಗ್ಗಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅಗಲದ ಬಗ್ಗೆ, ಅಂಕಿಗಳ ಬಗ್ಗೆ ಏನೂ ಹೇಳಲಿಲ್ಲ. “ಗೊಂಬೆ ನೋಡೋಕೆ ಬರೋರು ಈ ಕಡೆ ಬಾಗಿಲಿಂದ ಬರ್ತಾರೆ. ಅದು ಬಲಗಡೆ ವಾಲಿದ್ದರೆ ಅವರಿಗೆ ಕಾಣುತ್ತಿತ್ತೇನೋ” ಎಂದರು. ಜೇಬಿನಿಂದ ಚಿಮಟ ತೆಗೆದು, ಗಾಜಿನ ಬಾಗಿಲು ತೆರೆದು, ಲೋಲಕವನ್ನು ಬಲಕ್ಕೆ ಸರಿಸಿದೆ.